ಬಾಯ್ಕಾಟ್ ಎಂಬ ಮಾತಿನ ಹಿಂದಿನ ಒಂಟಿಗೈ ಮನುಷ್ಯ

ನಮ್ಮ ಗಡಿಭಾಗದ ಪೇಟೆಗಳಲ್ಲಿ ಕನ್ನಡ ಆಡಲಿ, ಮರಾಠಿ ಆಡಲಿ, ತೆಲುಗು ಆಡಲಿ, ಒಂದು ಶಬ್ದ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಥರ ಬರ್ತದ. ಅದು ಬಾಯ್ಕಾಟ್. ತೂಕದಲ್ಲಿ ಮೋಸವಾಯಿತೆಂದರೆ ರೈತರು ಆ ಅಂಗಡಿಗೆ ಬಾಯ್ಕಾಟ್ ಹಾಕ್ತಾರ. ಸೆಸ್ ಏರಿತೆಂದರೆ ಖರೀದಿದಾರರು ಸವಾಲಿಗೆ ಬಾಯ್ಕಾಟ್ ಹಾಕ್ತಾರ. ರಸ್ತೆ ಆಗಲಿಲ್ಲ, ನೀರು ಬರಲಿಲ್ಲ ಎಂದು ಊರಿಗೆ ಊರೇ ಮತದಾನಕ್ಕೆ ಬಾಯ್ಕಾಟ್ ಹಾಕಿದ್ದನ್ನೂ ನೋಡಿದ್ದೇವೆ. ಇದು ಬಾಯಿ ಕಟ್ಟುವುದು ಎಂಬ ನಮ್ಮದೇ ಮಾತಿನಿಂದ ಬಂದದ್ದು ಎಂದು ತಿಳಿದವರೂ ಉಂಟು. ಹಂಗಲ್ಲ. ಅದು ಒಬ್ಬ ಮನುಷ್ಯನ ಅಡ್ಡಹೆಸರು. ದೂರದ ಐರ್ಲೆಂಡ್ ದೇಶದಲ್ಲಿ ಜಮೀನುದಾರನ ಪರವಾಗಿ ಗೇಣಿ ವಸೂಲು ಮಾಡುತ್ತಿದ್ದ ಒಬ್ಬ ಕ್ಯಾಪ್ಟನ್ನನ ಹೆಸರು.

ವಸೂಲಿ ಮಾಡಿದವನ ಹೆಸರು ಜಗತ್ತಿನ ಎಲ್ಲ ಭಾಷೆಗಳಿಗೂ ಹೋಯಿತು. ಆ ವಸೂಲಿಗೆ ಎದುರು ನಿಲ್ಲಲು ರೈತರನ್ನು ಒಟ್ಟುಗೂಡಿಸಿದವನ ಹೆಸರು ಅವನ ದೇಶದಲ್ಲಿ ಮನೆಮಾತಾದರೂ ನಮ್ಮ ಕಡೆ ಬರಲಿಲ್ಲ. ಅವನ ಹೆಸರು ಮೈಕೆಲ್ ಡೇವಿಟ್. ನಾನು ರೈತನ ಮಗ, ಹೊಟ್ಟೆಪಾಡಿಗೆ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹೊಲಕ್ಕೂ ಪೇಟೆಗೂ ನಡುವಿನ ಹೊಸ್ತಿಲ ಮೇಲೆ ಕೂತ ನನ್ನಂಥವನಿಗೆ ಈ ಮನುಷ್ಯನ ಬದುಕಿನಲ್ಲಿ ಕಲಿಯುವುದು ಬಹಳ ಅದ ಎನಿಸಿದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಸುಟ್ಟ ಮನೆ

ಡೇವಿಟ್ ಹುಟ್ಟಿದ್ದು 1846ರ ಮಾರ್ಚ್ 25ರಂದು, ಐರ್ಲೆಂಡಿನ ಪಡುವಣ ಭಾಗದ ಮೇಯೋ ಜಿಲ್ಲೆಯ ಸ್ಟ್ರೇಡ್ ಎಂಬ ಸಣ್ಣ ಹಳ್ಳಿಯಲ್ಲಿ. ಹುಟ್ಟಿದ ಗಳಿಗೆಯೇ ಕೆಟ್ಟದ್ದು. ನಮಗೆ ಜೋಳ ಹೇಗೋ ಅಲ್ಲಿಯ ಬಡ ರೈತನಿಗೆ ಆಲೂಗಡ್ಡೆ ಹಾಗೆ. ಮೂರು ಹೊತ್ತೂ ಅದೇ ಊಟ. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಎಲೆ ಕಪ್ಪಾಗಿ, ನೆಲ ಅಗೆದರೆ ಗಡ್ಡೆ ಕೊಳೆತು ನಾರುತ್ತಿತ್ತು. ಮುಂದಿನ ನಾಲ್ಕೈದು ವರ್ಷ ಅದೇ ಪಾಡು. ಹಸಿವು, ಜ್ವರಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ ಸುಮಾರು 10 ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟರು. ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ಅದೇ ದೇಶದಿಂದ ಧಾನ್ಯ, ದನ, ಬೆಣ್ಣೆ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಗಡ್ಡೆ ರೈತನ ಊಟಕ್ಕೆ, ಉಳಿದದ್ದೆಲ್ಲ ಗೇಣಿ ಕಟ್ಟುವುದಕ್ಕೆ ಎಂಬ ಲೆಕ್ಕ ಅದು.

ಆ ಗೇಣಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. 1870ರ ದಶಕದಲ್ಲೂ ಸುಮಾರು 800 ಜಮೀನುದಾರರ ಕೈಯಲ್ಲಿ ದೇಶದ ಅರ್ಧ ಭೂಮಿ ಇತ್ತು. ಅವರಲ್ಲಿ ಎಷ್ಟೋ ಮಂದಿ ಊರಲ್ಲಿರುತ್ತಿರಲಿಲ್ಲ. ಏಜೆಂಟರನ್ನಿಟ್ಟು ವಸೂಲು ಮಾಡಿಸುತ್ತಿದ್ದರು. ಬಹುಪಾಲು ಒಕ್ಕಲಿಗೆ ಬರವಣಿಗೆಯ ಕರಾರು ಇರಲಿಲ್ಲ, ವರ್ಷದಿಂದ ವರ್ಷಕ್ಕೆ ಬಾಯಿಮಾತಿನ ಒಕ್ಕಲುತನ. ಒಕ್ಕಲು ಮೈಮುರಿದು ಕಲ್ಲು ತೆಗೆದು, ಜವುಗು ಬಸಿದು, ಬೇಲಿ ಹಾಕಿ ಹೊಲ ಚಲೋ ಮಾಡಿದರೆ ಮರುವರ್ಷ ಗೇಣಿ ಏರಬಹುದಿತ್ತು. ಹೊಲ ಸುಧಾರಿಸಿದ್ದಕ್ಕೆ ದಂಡ, ಹೊಲ ಹಾಳು ಬಿಟ್ಟರೆ ಹಸಿವು. ಬಾಕಿ ಬಿತ್ತೋ, ಮನೆಯಿಂದಲೇ ಹೊರಗೆ.

ಡೇವಿಟ್‌ನ ತಂದೆ ಮಾರ್ಟಿನ್ ಬರಗಾಲದಲ್ಲಿ ಬಾಕಿ ಬಿದ್ದ. 1850ರಲ್ಲಿ, ಹುಡುಗನಿಗೆ ನಾಲ್ಕು ತುಂಬಿದಾಗ, ಮನೆಯ ಸಾಮಾನು ಬೀದಿಗೆ ಬಿತ್ತು. ಮರಳಿ ಒಳಗೆ ಹೋಗಬಾರದೆಂದು ಮನೆಗೆ ಬೆಂಕಿ ಇಟ್ಟರು. ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹತ್ತಿರದ ಸ್ವಿನ್‌ಫರ್ಡ್ ಊರಿನ ಸರಕಾರಿ ಬಡವರ ಛತ್ರಕ್ಕೆ ಹೋದರು. ಅಲ್ಲಿಯ ಕಾಯ್ದೆ ಏನಪ್ಪಾ ಅಂದ್ರ, ಮೂರು ವರ್ಷ ದಾಟಿದ ಗಂಡುಮಗುವನ್ನು ತಾಯಿಯಿಂದ ಬೇರೆ ಇಡಬೇಕು. ತಾಯಿ ಕ್ಯಾಥರೀನ್ ಅದಕ್ಕೆ ಒಪ್ಪಲಿಲ್ಲ. ಒಂದು ತಾಸಿನೊಳಗೆ ಮಕ್ಕಳನ್ನು ಕರಕೊಂಡು ಹೊರಬಿದ್ದಳು. ಹಸಿವಿನಿಂದ ಸತ್ತರೂ ಒಟ್ಟಿಗೆ ಇರೋಣ ಎಂಬ ಹಟ ಆ ಹೆಣ್ಣುಮಗಳದು. ಊರು ಬಿಡುತ್ತಿದ್ದ ಇನ್ನೊಂದು ಕುಟುಂಬದ ಜತೆ ಡಬ್ಲಿನ್ ಸೇರಿ, ಅಲ್ಲಿಂದ ಹಡಗಿನಲ್ಲಿ ಲಿವರ್‌ಪೂಲ್ ಬಂದರಿಗೆ ಬಂದು, ಅಲ್ಲಿಂದ ಕಾಲುನಡಿಗೆಯಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಹ್ಯಾಸ್ಲಿಂಗ್ಡನ್ ಎಂಬ ಗಿರಣಿ ಊರು ಮುಟ್ಟಿದರು.

ಅಲ್ಲಿ ಅವರು ಪರದೇಶಿಗಳು. ಮನೆಯೊಳಗೆ ತಾಯಿ ಆಡುವುದು ಐರಿಷ್ ಭಾಷೆ, ಬಾಗಿಲು ದಾಟಿದರೆ ಇಂಗ್ಲಿಷ್. ಒಳಗೊಂದು ಹೊರಗೊಂದು ಮಾತಾಡುವ ಮಕ್ಕಳ ಕಷ್ಟಸುಖ ನಮ್ಮ ಜತ್ತ, ಆದವಾನಿ, ತಾಳವಾಡಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಿರಣಿ ತಿಂದ ಕೈ

ಒಂಬತ್ತನೇ ವಯಸ್ಸಿಗೆ ಹುಡುಗ ಹತ್ತಿ ಗಿರಣಿ ಸೇರಿದ. ಸೊಲ್ಲಾಪುರದ ಗಿರಣಿಗಳ ಭೋಂಗಾ ಕೇಳಿ ಎದ್ದ ಮನೆತನಗಳಿಗೆ ಆ ಬದುಕು ಗೊತ್ತು. ಆದರೆ ಆ ಕಾಲದಲ್ಲಿ ಲ್ಯಾಂಕಾಷೈರಿನಲ್ಲಿ ಮಕ್ಕಳೇ ಯಂತ್ರದ ಮುಂದೆ ನಿಲ್ಲುತ್ತಿದ್ದರು. 1857ರ ಮೇ 8ರಂದು ಬ್ಯಾಕ್ಸೆಂಡನ್ ಎಂಬಲ್ಲಿಯ ಗಿರಣಿಯಲ್ಲಿ, ತನಗಿಂತ ದೊಡ್ಡ ಹುಡುಗರು ನಡೆಸಬೇಕಾದ ಯಂತ್ರಕ್ಕೆ ಅವನನ್ನು ಹಚ್ಚಿದರು. ಹಲ್ಲುಚಕ್ರದಲ್ಲಿ ಬಲಗೈ ಸಿಕ್ಕಿಕೊಂಡು ನುಜ್ಜುಗುಜ್ಜಾಯಿತು. ಕೆಲವು ದಿನ ನೋಡಿ ವೈದ್ಯರು ಕೈಯನ್ನು ಕತ್ತರಿಸಿ ತೆಗೆದರು. ವಯಸ್ಸು ಹನ್ನೊಂದು. ಪರಿಹಾರ ಅಂತ ಒಂದು ಬಿಡಿಗಾಸೂ ಸಿಗಲಿಲ್ಲ.

ಕೈ ಹೋದದ್ದೇ ಅವನ ವಿದ್ಯೆಗೆ ದಾರಿಯಾಯಿತು. ಇನ್ನು ಗಿರಣಿಗೆ ಅವನು ಬೇಡ. ಜಾನ್ ಡೀನ್ ಎಂಬ ಊರಿನ ಒಬ್ಬ ಸಜ್ಜನ ಅವನನ್ನು ಶಾಲೆಗೆ ಹಾಕಿಸಿದ. ಶಾಲೆ ವೆಸ್ಲಿಯನ್ ಪಂಥದ್ದು, ಹುಡುಗ ಕ್ಯಾಥೊಲಿಕ್. ಆ ಎರಡೂ ಪಂಗಡಗಳಿಗೆ ಆಗ ಎಣ್ಣೆ ಸೀಗೆಕಾಯಿ. ಆದರೂ ಮಾಸ್ತರರು ಅವನ ಮತಕ್ಕೆ ಕೈ ಹಾಕದೆ ಅಕ್ಷರ ಕಲಿಸಿದರು. ಇಂಗ್ಲಿಷರ ಮೇಲೆ, ಬೇರೆ ಪಂಗಡದವರ ಮೇಲೆ ಅವನು ಸಾರಾಸಗಟಾಗಿ ದ್ವೇಷ ಬೆಳೆಸಿಕೊಳ್ಳದೆ ಉಳಿದದ್ದಕ್ಕೆ ಈ ಶಾಲೆಯೂ ಒಂದು ಕಾರಣ ಎಂದು ನನಗೆ ಅನಿಸ್ತದ. ಮುಂದೆ ಊರಿನ ಅಂಚೆ ಕಚೇರಿಯ ಜತೆಗಿದ್ದ ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ಒಂದೇ ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ. ರಾತ್ರಿ ವಾಚನಾಲಯದಲ್ಲಿ ಕೂತು ತನ್ನ ದೇಶದ ಇತಿಹಾಸ ಓದಿದ.

ಬಂದೂಕಿನ ದಾರಿ

ಓದಿದ್ದು ಹೊಟ್ಟೆಯೊಳಗೆ ಉರಿಯಿತು. 1865ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಆಯುಧ ಹಿಡಿದು ಐರ್ಲೆಂಡನ್ನು ಇಂಗ್ಲಿಷರಿಂದ ಬಿಡಿಸುತ್ತೇವೆ ಎಂದು ಪಣ ತೊಟ್ಟ ಫೆನಿಯನ್ನರ ಗುಪ್ತ ಸಂಘ ಸೇರಿದ. 1867ರಲ್ಲಿ ಚೆಸ್ಟರ್ ಕೋಟೆಯ ಶಸ್ತ್ರಾಗಾರದ ಮೇಲೆ ದಾಳಿಗೆ ಹೋದವರಲ್ಲಿ ಅವನೂ ಒಬ್ಬ. ಸುದ್ದಿ ಮೊದಲೇ ಸೋರಿ ಆ ದಾಳಿ ನಡೆಯಲಿಲ್ಲ. ಮುಂದೆ ವ್ಯಾಪಾರಿಯ ವೇಷದಲ್ಲಿ ತಿರುಗುತ್ತ ಐರ್ಲೆಂಡಿಗೆ ಬಂದೂಕು ಸಾಗಿಸಿದ. 1870ರ ಮೇ 14ರಂದು ಲಂಡನ್ನಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಶಿಕ್ಷೆ 15 ವರ್ಷ ಕಠಿಣ ಸಜೆ.

ಹೆಚ್ಚಿನ ಕಾಲ ಅವನನ್ನಿಟ್ಟದ್ದು ಡಾರ್ಟ್‌ಮೂರ್ ಜೈಲಿನಲ್ಲಿ. ಚಳಿ ಮಂಜಿನ ಬೋಳು ಗುಡ್ಡದ ಮೇಲೆ ಕಟ್ಟಿದ ಸೆರೆಮನೆ. ಒಂಟಿ ಕೈಯವನೆಂದು ಕೆಲಸ ಕಡಿಮೆಯಾಗಲಿಲ್ಲ. ಒಂದೇ ಕೈಯಿಂದ ಕಲ್ಲು ಒಡೆದ. ಅಂಗೈ ಬೊಬ್ಬೆ ಎದ್ದು ಸುತ್ತಿಗೆ ಹಿಡಿಯಲಾಗದಾಗ ಎತ್ತಿನ ಹಾಗೆ ಪಟ್ಟಿ ಬಿಗಿದು ಬಂಡಿ ಎಳೆಯಲು ಹಚ್ಚಿದರು. ಏಳು ವರ್ಷ ಏಳು ತಿಂಗಳು ಕಳೆದ ಮೇಲೆ 1877ರ ಡಿಸೆಂಬರ್‌ನಲ್ಲಿ ಷರತ್ತಿನ ಮೇಲೆ ಬಿಟ್ಟರು. ಷರತ್ತು ಮುರಿದನೆಂದು ಸರಕಾರಕ್ಕೆ ಅನಿಸಿದರೆ ಉಳಿದ ಶಿಕ್ಷೆಗೆ ಯಾವತ್ತಾದರೂ ಮತ್ತೆ ಎಳೆದುಕೊಂಡು ಹೋಗಬಹುದಿತ್ತು.

ಮನೆ ಸುಟ್ಟರು, ಕೈ ಹೋಯಿತು, ಹರೆಯ ಜೈಲಿನಲ್ಲಿ ಕಳೆಯಿತು. ಇಂಥವನು ಹೊರಬಂದ ಮೇಲೆ ಸೇಡಿಗೆ ನಿಂತಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಅವನು ಹಿಡಿದದ್ದು ಬೇರೆ ದಾರಿ. ಗುಪ್ತವಾಗಿ ಬಂದೂಕು ಕೂಡಿಹಾಕುವುದರಿಂದ ನಾಲ್ಕು ಜನ ಧೈರ್ಯವಂತರು ಜೈಲಿಗೆ ಹೋಗ್ತಾರ, ಬಾಕಿ ಬಿದ್ದ ಒಕ್ಕಲಿನ ಮನೆ ಮಾತ್ರ ಸುಡುವುದು ನಿಲ್ಲುವುದಿಲ್ಲ. ಬಹಿರಂಗವಾಗಿ, ಹಗಲು ಹೊತ್ತಿನಲ್ಲಿ, ಊರಿನ ಸಾಮಾನ್ಯನೂ ಭಾಗವಹಿಸಬಹುದಾದ ಚಳವಳಿ ಬೇಕು. ಈ ವಿಚಾರ ಜೈಲಿನಲ್ಲೇ ಮೊಳೆಯಿತು ಎಂದು ಅವನು ಮುಂದೆ ಬರೆದುಕೊಂಡ. ಇತಿಹಾಸಕಾರರು ಅದನ್ನು ಪೂರಾ ಒಪ್ಪುವುದಿಲ್ಲ. ಬಿಡುಗಡೆಯ ನಂತರ 1878ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಐರಿಷ್ ಮುಖಂಡರ ಜತೆ ಮಾತಾಡಿದಾಗ ಅದು ಗಟ್ಟಿಯಾಯಿತು ಎನ್ನುತ್ತಾರೆ. ಎಲ್ಲೇ ಮೊಳೆಯಲಿ, ಬೆಳೆದದ್ದು ಮೇಯೋ ಜಿಲ್ಲೆಯ ಮಣ್ಣಿನಲ್ಲಿ.

ರೈತ ಮತ್ತು ಉದ್ರಿ ಖಾತೆ

1877ರಿಂದ ಮೂರು ವರ್ಷ ಸತತ ಮಳೆಚಳಿಗೆ ಬೆಳೆ ಕೆಟ್ಟಿತು. ಅದೇ ಹೊತ್ತಿಗೆ ಅಮೆರಿಕದ ಅಗ್ಗದ ಧಾನ್ಯ ಬಂದು ಬೆಲೆ ಬಿದ್ದಿತು. ಗೇಣಿ ಮಾತ್ರ ಇದ್ದಷ್ಟೇ. 1879ರ ಏಪ್ರಿಲ್ 20ರಂದು ಮೇಯೋ ಜಿಲ್ಲೆಯ ಐರಿಷ್‌ಟೌನ್ ಎಂಬ ಹಳ್ಳಿಯ ಬಯಲಿನಲ್ಲಿ ಸಾವಿರಾರು ರೈತರು ಸೇರಿದರು. ಸಭೆಯ ಹಿಂದೆ ಓಡಾಡಿದವನು ಡೇವಿಟ್. ಆದರೆ ವೇದಿಕೆಯ ಮೇಲೆ ಅವನಿರಲಿಲ್ಲ. ಗೇಣಿ ಕೇಳುತ್ತಿದ್ದ ಆ ಜಮೀನಿನ ಉಸ್ತುವಾರಿ ಯಾರದು ಗೊತ್ತೇನು? ಇಂಗ್ಲಿಷ್ ಲಾರ್ಡ್ ಅಲ್ಲ, ರೈತರದೇ ಮತದ ಒಬ್ಬ ಪಾದ್ರಿ. ಅವನ ಮುಖ ನೋಡಿ ಹಿಂದೆಗೆಯದೆ ಜನ ಸಭೆ ನಡೆಸಿದರು. ಕೆಲವೇ ದಿನಗಳಲ್ಲಿ ಗೇಣಿ ಇಳಿಯಿತು. ಅನ್ಯಾಯ ನಮ್ಮವರು ಮಾಡಿದರೂ ಅನ್ಯಾಯವೇ ಎಂಬುದನ್ನು ಆ ಹಳ್ಳಿಗರು ಮೊದಲ ಸಭೆಯಲ್ಲೇ ತೋರಿಸಿದರು.

ಆ ಆಗಸ್ಟ್‌ನಲ್ಲಿ ಕ್ಯಾಸಲ್‌ಬಾರ್ ಊರಿನಲ್ಲಿ ಮೇಯೋ ಜಿಲ್ಲೆಯ ಭೂ ಸಂಘ, ಅಕ್ಟೋಬರ್ 21ರಂದು ಡಬ್ಲಿನ್‌ನಲ್ಲಿ ಇಡೀ ದೇಶದ ಭೂ ಸಂಘ ಹುಟ್ಟಿತು. ಅದನ್ನೇ ಲ್ಯಾಂಡ್ ಲೀಗ್ ಎನ್ನುತ್ತಾರೆ. ಅಧ್ಯಕ್ಷನಾಗಿ ಡೇವಿಟ್ ಒಪ್ಪಿಸಿ ತಂದದ್ದು ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್‌ನನ್ನು. ಪಾರ್ನೆಲ್ ಸ್ವತಃ ಜಮೀನುದಾರ, ಮತದಿಂದ ಪ್ರಾಟೆಸ್ಟಂಟ್, ಪಾರ್ಲಿಮೆಂಟ್ ಸದಸ್ಯ. ಡೇವಿಟ್ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿ ಉಳಿದ. ಬೇಡಿಕೆ ಮೂರು: ಗೇಣಿ ನ್ಯಾಯವಾಗಿರಬೇಕು, ಗೇಣಿ ಕಟ್ಟುವ ತನಕ ಒಕ್ಕಲನ್ನು ಎಬ್ಬಿಸಬಾರದು, ಒಕ್ಕಲುತನದ ಹಕ್ಕನ್ನು ಮಾರಿಕೊಳ್ಳಲು ಬಿಡಬೇಕು. ಕೊನೆಯ ಗುರಿ ಉಳುವವನೇ ಹೊಲದೊಡೆಯನಾಗುವುದು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಮಾತು ಒಂದದ. ಲ್ಯಾಂಡ್ ಲೀಗಿನ ಶಾಖೆಗಳಲ್ಲಿ ಬರೀ ರೈತರಿರಲಿಲ್ಲ. ಸಣ್ಣ ಊರುಗಳ ಕಿರಾಣಿ ಅಂಗಡಿಯವರು, ಪತ್ರಿಕೆ ನಡೆಸುವವರು, ಹೋಟೆಲಿನವರು ಮುಂದಾಳುಗಳಾಗಿದ್ದರು. ಅದು ಬರೀ ದಯಾಧರ್ಮದಿಂದಲ್ಲ. ಅಂಗಡಿಯವನು ರೈತನಿಗೆ ಹಿಟ್ಟು, ಬೀಜ, ಬಟ್ಟೆ ಉದ್ರಿ ಕೊಟ್ಟಿದ್ದ. ಬೆಳೆ ಬಂದಾಗ ಮೊದಲು ಕೈ ಹಾಕುವವನು ಜಮೀನುದಾರ. ಗೇಣಿ ಎಲ್ಲವನ್ನೂ ನುಂಗಿದರೆ ಉದ್ರಿ ಖಾತೆಯಲ್ಲಿ ಬರೀ ಅಂಕಿಗಳೇ ಉಳಿಯುತ್ತಿದ್ದವು. ಹೊಲದಲ್ಲಿ ರೈತ ಉಳಿದರೆ ಪೇಟೆಯಲ್ಲಿ ಅಂಗಡಿ ಉಳಿದೀತು ಎಂಬ ಸತ್ಯ ಅವರಿಗೆ ತಮ್ಮ ಖಾತೆ ಪುಸ್ತಕದಿಂದಲೇ ಹೊಳೆದಿತ್ತು. ವರ್ಷಗಟ್ಟಲೆ ಅಂಥದೇ ಪುಸ್ತಕ ಬರೆದ ನನಗೆ ಇದು ಯಾವ ಭಾಷಣಕ್ಕಿಂತಲೂ ದೊಡ್ಡ ಮಾತಾಗಿ ಕಾಣ್ತದ.

ಕ್ಯಾಪ್ಟನ್ ಬಾಯ್ಕಾಟ್‌ನ ಗಡ್ಡೆಗಳು

ಮೇಯೋ ಜಿಲ್ಲೆಯ ಮಾಸ್ಕ್ ಸರೋವರದ ದಂಡೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಏಜೆಂಟ್ ಚಾರ್ಲ್ಸ್ ಬಾಯ್ಕಾಟ್ ಇದ್ದ. 1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25 ಬಿಡಿ ಎಂದರು. ಒಡೆಯ 10ಕ್ಕಿಂತ ಹೆಚ್ಚು ಬಿಡಲೊಲ್ಲ. ಸೆಪ್ಟೆಂಬರ್ 22ರಂದು ಮನೆ ಬಿಡಿಸುವ ನೋಟೀಸು ಹಿಡಿದು ಜವಾನ ಹೊರಟಾಗ ಊರ ಹೆಂಗಸರು ಕೆಸರು, ಸೆಗಣಿ ಎರಚಿ ಓಡಿಸಿದರು. ಅದಕ್ಕೆ ಮೂರು ದಿನ ಮೊದಲು ಪಾರ್ನೆಲ್ ಒಂದು ಸಭೆಯಲ್ಲಿ, ಎಬ್ಬಿಸಿದ ಒಕ್ಕಲಿನ ಹೊಲ ಹಿಡಿದವನನ್ನು ಹೊಡೆಯಬೇಡಿ, ಅವನ ಜತೆ ಕೊಡುಕೊಳ್ಳುವುದನ್ನೇ ನಿಲ್ಲಿಸಿ ಎಂಬ ಉಪಾಯ ತಿಳಿಸಿದ್ದ. ಊರವರು ಆ ಉಪಾಯವನ್ನು ಏಜೆಂಟನ ಮೇಲೆಯೇ ಪ್ರಯೋಗಿಸಿದರು.

ಮನೆಯ ಆಳುಗಳು ಕೆಲಸ ಬಿಟ್ಟರು. ಹೊಲದ ಕೂಲಿಗಳು ಬರಲಿಲ್ಲ. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ, ಬಟ್ಟೆ ಒಗೆಯುವವಳು ಬಟ್ಟೆ ಮುಟ್ಟಲಿಲ್ಲ, ಬಾಲಿನ್‌ರೋಬ್ ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಟಪಾಲು ತರುವ ಹುಡುಗನೂ ನಿಂತ. ನೆಲದಲ್ಲಿ ಗಡ್ಡೆ, ಟರ್ನಿಪ್ ಬೆಳೆ ಕಾಯುತ್ತಿತ್ತು, ಕೀಳುವವರಿಲ್ಲ. ಕ್ಯಾಪ್ಟನ್ ಲಂಡನ್ನಿನ ಪತ್ರಿಕೆಗೆ ಗೋಳು ಬರೆದ. ಆಗ ಉತ್ತರದ ಕ್ಯಾವನ್, ಮೊನಹನ್ ಜಿಲ್ಲೆಗಳಿಂದ 50 ಜನ ಸ್ವಯಂಸೇವಕರು ಬೆಳೆ ಕೀಳಲು ಬಂದರು. ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು. ಸುಮಾರು 500 ಪೌಂಡಿನ ಬೆಳೆ ಕೀಳಲು ತಗುಲಿದ ಖರ್ಚು ಸುಮಾರು 10,000 ಪೌಂಡು ಎಂದು ಆಗ ಅಂದಾಜಿಸಿದರು. ಅಡತಿಯಲ್ಲಿ ಕೂತ ಯಾರೇ ಆಗಲಿ, ಇಂಥ ವ್ಯಾಪಾರ ನೋಡಿ ನಕ್ಕಾರು. ನವೆಂಬರ್ ಕೊನೆಗೆ ಬಾಯ್ಕಾಟ್ ಕುಟುಂಬ ಊರು ಬಿಟ್ಟಿತು. ಬಾಡಿಗೆ ಗಾಡಿ ಹೊಡೆಯಲು ಒಬ್ಬನೂ ಒಪ್ಪಲಿಲ್ಲ. ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋಗಬೇಕಾಯಿತು.

ಈ ಹೊಸ ಉಪಾಯಕ್ಕೆ ಹೆಸರು ಬೇಕಾಗಿತ್ತು. ಇಂಗ್ಲಿಷಿನಲ್ಲಿ ಬಹಿಷ್ಕಾರಕ್ಕಿದ್ದ ದೊಡ್ಡ ಶಬ್ದ ಹಳ್ಳಿಯವರ ನಾಲಿಗೆಗೆ ಹತ್ತದು. ಫಾದರ್ ಓ ಮ್ಯಾಲಿ ಎಂಬ ಊರ ಪಾದ್ರಿ, ಕ್ಯಾಪ್ಟನ್ನನ ಹೆಸರನ್ನೇ ಇಟ್ಟುಬಿಡೋಣ ಅಂದ. ಕೆಲವೇ ವಾರಗಳಲ್ಲಿ ಅದು ಪತ್ರಿಕೆಗಳಲ್ಲಿ ಬಂತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್ ಸಭೆಯಲ್ಲಿ ಬಂಗಾಲ ವಿಭಜನೆಯ ವಿರುದ್ಧ ವಿದೇಶಿ ಬಟ್ಟೆಯ ಬಾಯ್ಕಾಟ್ ಸಾರಿದಾಗ ಅದು ನಮ್ಮ ದೇಶದ ಮಾತೂ ಆಯಿತು. ಅಲ್ಲಿಂದ ಟಿಳಕರ ಸ್ವದೇಶಿ ಚಳವಳಿಯ ಜತೆ ನಮ್ಮ ಸೀಮೆಗೂ ಬಂತು.

ಇದೆಲ್ಲ ನಡೆದಾಗ ಡೇವಿಟ್ ಊರಲ್ಲಿರಲಿಲ್ಲ, ಅಮೆರಿಕದಲ್ಲಿ ಸಂಘಕ್ಕೆ ಹಣ ಕೂಡಿಸುತ್ತಿದ್ದ. ಅವನು ಇಲ್ಲದಾಗಲೂ ಊರವರೇ ನಡೆಸಿಕೊಂಡು ಹೋದರಲ್ಲ, ಅದೇ ಅವನ ಕೆಲಸ ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ. ಮರಳಿ ಬಂದವನು ಜಿಲ್ಲೆ ಜಿಲ್ಲೆ ತಿರುಗಿ ಒಂದೇ ಮಾತು ಹೇಳಿದ. ರಾತ್ರಿ ಹೊತ್ತು ದನದ ಬಾಲ ಕಡಿಯುವುದು, ಬಣವೆಗೆ ಬೆಂಕಿ ಇಡುವುದು, ಏಜೆಂಟನ ಮೇಲೆ ಗುಂಡು ಹಾರಿಸುವುದು ಚಳವಳಿಯಲ್ಲ, ಅದು ಸರಕಾರದ ಕೈಗೆ ನಾವೇ ಕೊಡುವ ಕೋಲು. ಎಲ್ಲರೂ ಕೇಳಲಿಲ್ಲ. ಆ ಕಾಲದಲ್ಲಿ ಇಂಥ ಕೃತ್ಯಗಳು ನಡೆದೇ ನಡೆದವು.

ಪೋರ್ಟ್‌ಲ್ಯಾಂಡಿನ ಹಕ್ಕಿ

ಮತ್ತೆ ಬಂಧನವಾದೀತೆಂದು ಡೇವಿಟ್‌ಗೆ ಗೊತ್ತಿತ್ತು. ಗಂಡಸರೆಲ್ಲ ಒಳಗೆ ಹೋದರೆ ಹೊರಗಿನ ಕೆಲಸ ಯಾರು ನೋಡಬೇಕು? ಹೆಂಗಸರ ಭೂ ಸಂಘ ಕಟ್ಟೋಣ ಎಂದ. ಜೊತೆಗಾರರು ನಕ್ಕರು, ಪಾರ್ನೆಲ್‌ಗೂ ಮನಸ್ಸಿರಲಿಲ್ಲ. 1881ರ ಜನವರಿ ಕೊನೆಗೆ ಪಾರ್ನೆಲ್‌ನ ತಂಗಿ ಆ್ಯನಾ ಪಾರ್ನೆಲ್ ಮುಂದಾಳುತನದಲ್ಲಿ ಅದು ಶುರುವಾಯಿತು. ಮೂರೇ ದಿನಕ್ಕೆ, ಫೆಬ್ರುವರಿ 3ರಂದು, ಷರತ್ತು ರದ್ದು ಮಾಡಿ ಡೇವಿಟ್‌ನನ್ನು ಪೋರ್ಟ್‌ಲ್ಯಾಂಡ್ ಜೈಲಿಗೆ ಹಾಕಿದರು. ಅಕ್ಟೋಬರ್‌ನಲ್ಲಿ ಪಾರ್ನೆಲ್ ಕೂಡ ಒಳಗೆ, ಲ್ಯಾಂಡ್ ಲೀಗಿಗೆ ನಿಷೇಧ. ಆಗ ಎಬ್ಬಿಸಿದ ಒಕ್ಕಲುಗಳಿಗೆ ಗುಡಿಸಲು ಹಾಕಿಸಿ, ಸೆರೆಯಾದವರ ಮನೆಗಳಿಗೆ ಹಿಟ್ಟು ಮುಟ್ಟಿಸಿ, ಊರೂರಿಗೆ ಹೋಗಿ ಧೈರ್ಯ ತುಂಬಿದವರು ಆ ಹೆಂಗಸರೇ. ಪಾರ್ನೆಲ್ ಬಿಡುಗಡೆಯಾದ ಮೇಲೆ 1882ರಲ್ಲಿ ಹಣ ನಿಲ್ಲಿಸಿ ಅವರ ಸಂಘವನ್ನು ಮುಚ್ಚಿಸಿದ. ತಂಗಿ ಮುಂದೆ ಅಣ್ಣನ ಜತೆ ಮಾತು ಬಿಟ್ಟಳು. ಚಳವಳಿಯ ಕಥೆಯಲ್ಲಿ ಈ ಕಪ್ಪು ಚುಕ್ಕೆ ಉಳಿದದ್ದು ಉಳಿದೇ ಹೋಯಿತು.

ಈ ಸಲದ ಜೈಲಿನಲ್ಲಿ ಓದು ಬರಹಕ್ಕೆ ಅವಕಾಶವಿತ್ತು. ಅಲ್ಲಿ ಒಂದು ಕರಿಹಕ್ಕಿಯ ಮರಿ ಸಿಕ್ಕಿತು, ಅದನ್ನು ಸಾಕಿದ. ಅದು ಅವನ ತಟ್ಟೆಯಲ್ಲೇ ತಿಂದು, ಬರೆಯುವಾಗ ಹತ್ತಿರ ಕೂರುತ್ತಿತ್ತು. 1885ರಲ್ಲಿ ಅಚ್ಚಾದ ತನ್ನ ಜೈಲಿನ ಟಿಪ್ಪಣಿಗಳ ಪುಸ್ತಕವನ್ನು ಅದೇ ಹಕ್ಕಿಗೆ ಹೇಳಿದ ಪಾಠಗಳ ರೂಪದಲ್ಲಿ ಬರೆದ, ಅದರ ನೆನಪಿಗೇ ಅರ್ಪಿಸಿದ. ಬಿಡುಗಡೆಗೆ ಮುಂಚೆ ಒಂದು ದಿನ ಪಂಜರದ ಬಾಗಿಲು ತೆಗೆದ. ತನ್ನ ಜತೆಗೇ ಇದ್ದೀತೆಂದು ಆಸೆ. ಅದು ಒಂದು ಕೂಗು ಹಾಕಿ ಗೋಡೆಯಾಚೆ ಹಾರಿಯೇ ಹೋಯಿತು. ಇಷ್ಟು ಪ್ರೀತಿಯಿಂದ ಸಾಕಿದ್ದೂ ಬಿಡುಗಡೆಯನ್ನೇ ಆರಿಸಿಕೊಂಡಿತಲ್ಲ ಎಂದು ಅವನು ಬೇಜಾರಾಗಲಿಲ್ಲ, ಅದರಿಂದ ಪಾಠ ಕಲಿತೆ ಎಂದ.

ಎರಡು ಅಲಗಿನ ಕತ್ತಿ

ಇಲ್ಲಿ ನನ್ನ ಒಂದು ಮಾತು. ಬಾಯ್ಕಾಟ್ ಎಂಬುದು ಎರಡು ಅಲಗಿನ ಕತ್ತಿ. ಐರ್ಲೆಂಡಿನಲ್ಲೇ ಅದು ಬಡವರ ಮೇಲೂ ತಿರುಗಿತು. ಹೊಟ್ಟೆಗಿಲ್ಲದೆ ಬೇರೆಯವನು ಬಿಟ್ಟ ಹೊಲ ಹಿಡಿದ ಸಣ್ಣವನೂ ಅದರ ಬಾಯಿಗೆ ಬಿದ್ದ. ನಮ್ಮಲ್ಲಿ ಅದಕ್ಕಿಂತ ಹಳೆಯದಾದ ಬಹಿಷ್ಕಾರ ಉಂಟು. ಕೂಲಿ ಹೆಚ್ಚು ಕೇಳಿದ್ದಕ್ಕೆ, ಬಾವಿ ಮುಟ್ಟಿದ್ದಕ್ಕೆ ದಲಿತ ಕೇರಿಗೆ ಅಂಗಡಿ, ಗಿರಣಿ, ನೀರು ಬಂದ್ ಮಾಡಿದ ಊರುಗಳನ್ನು ನಾವು ಕಂಡಿಲ್ಲವೇ? ಮಹಾರಾಷ್ಟ್ರ ಸರಕಾರ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಎರಡರಲ್ಲೂ ನಡೆಯುವುದು ಒಂದೇ, ಕೊಡುಕೊಳ್ಳುವುದನ್ನು ನಿಲ್ಲಿಸುವುದು. ಆದರೆ ಮಾಸ್ಕ್ ಸರೋವರದ ದಂಡೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಹೋಯಿತು, ಸೈನ್ಯವನ್ನೇ ಕರೆಸಬಲ್ಲವನ ಎದುರಿಗೆ. ನಮ್ಮ ಕೇರಿಗಳಲ್ಲಿ ಅದು ಮೇಲಿನಿಂದ ಕೆಳಕ್ಕೆ ಬೀಳ್ತದ, ಮರುದಿನದ ಹಿಟ್ಟಿಗೆ ಗತಿಯಿಲ್ಲದವನ ಮೇಲೆ. ಮುಂದಿನ ಸಲ ಬಾಯ್ಕಾಟ್ ಎಂದು ಕೂಗುವ ಮುನ್ನ ಅದು ಯಾವ ದಿಕ್ಕಿಗೆ ಹೋಗ್ತದ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೇದು.

ಗೆಲುವಿನ ಲೆಕ್ಕ

1881ರ ಭೂ ಕಾಯ್ದೆ ಮೂರೂ ಬೇಡಿಕೆಗಳನ್ನು ಒಪ್ಪಿತು. ಗೇಣಿ ನಿಗದಿಗೆ ಭೂ ನ್ಯಾಯಾಲಯ ಬಂತು. 1882ರ ಮೇ 6ರಂದು ಡೇವಿಟ್ ಹೊರಬಂದ. ಅದೇ ದಿನ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಇಬ್ಬರು ಸರಕಾರಿ ಮುಖ್ಯಸ್ಥರ ಕೊಲೆಯಾಯಿತು. ಬಿಡುಗಡೆಯ ಸಂಭ್ರಮ ಬಿಟ್ಟು ಅವನು ಮಾಡಿದ ಮೊದಲ ಕೆಲಸ ಆ ಕೊಲೆಯನ್ನು ಖಂಡಿಸಿ ಪಾರ್ನೆಲ್ ಜತೆ ಹೇಳಿಕೆಗೆ ಸಹಿ ಹಾಕಿದ್ದು.

ಮುಂದೆ ಅವನಿಗೂ ಪಾರ್ನೆಲ್‌ಗೂ ದಾರಿ ಬೇರೆಯಾಯಿತು. ಜಮೀನುದಾರನಿಂದ ಕೊಂಡು ಒಕ್ಕಲಿಗೆ ಕೊಟ್ಟರೆ ಸಾಲದು, ಭೂಮಿ ಇಡೀ ದೇಶದ್ದಾಗಬೇಕು ಎಂದು ಡೇವಿಟ್ ವಾದಿಸಿದ. ಇಲ್ಲವಾದರೆ ದೊಡ್ಡ ಒಕ್ಕಲು ನಾಳೆ ಸಣ್ಣ ಜಮೀನುದಾರನಾಗ್ತಾನ, ತುಂಡು ಭೂಮಿಯೂ ಇಲ್ಲದ ಕೂಲಿಯವನ ಪಾಡು ಹಾಗೇ ಉಳಿಯುತ್ತದೆ ಎಂಬ ಚಿಂತೆ ಅವನದು. ರೈತರು ಈ ಮಾತನ್ನು ಒಪ್ಪಲಿಲ್ಲ. ಅವರಿಗೆ ತಮ್ಮ ಹೆಸರಿನ ಖಾತೆ ಬೇಕಿತ್ತು. 1903ರಲ್ಲಿ ಸರಕಾರವೇ ಸಾಲ ಕೊಟ್ಟು ಒಕ್ಕಲುಗಳಿಂದ ಭೂಮಿ ಕೊಳ್ಳಿಸುವ ವಿಂಡಮ್ ಕಾಯ್ದೆ ಬಂದಾಗಲೂ ಜಮೀನುದಾರರಿಗೆ ಅತಿ ಹೆಚ್ಚು ಬೆಲೆ ಹೋಯಿತೆಂದು ಅವನು ವಿರೋಧಿಸಿದ. ಆದರೂ ಫಲ ದೊಡ್ಡದು. 1870ರಲ್ಲಿ ಐರ್ಲೆಂಡಿನ ರೈತರಲ್ಲಿ ಸ್ವಂತ ಭೂಮಿ ಇದ್ದವರು ನೂರಕ್ಕೆ ಸುಮಾರು 3 ಜನ, 1929ರ ಹೊತ್ತಿಗೆ ನೂರಕ್ಕೆ ಸುಮಾರು 97. ಕರ್ನಾಟಕದಲ್ಲಿ 1951ರ ಕಾಗೋಡು ಸತ್ಯಾಗ್ರಹದಿಂದ 1974ರ ಭೂ ಸುಧಾರಣೆ ತಿದ್ದುಪಡಿಯ ತನಕ, ಕಾಸರಗೋಡು ಸೇರಿದ ಕೇರಳದಲ್ಲಿ 1970ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಗೇಣಿದಾರರು ಕಂಡದ್ದು ಇದೇ ಗೆಲುವು. ಕೂಲಿಯವನ ಪ್ರಶ್ನೆ ಉಳಿದದ್ದೂ ಹಾಗೆಯೇ.

ಡೇವಿಟ್‌ನ ಕಾಳಜಿ ತನ್ನ ದೇಶದ ಬೇಲಿಯೊಳಗೆ ನಿಲ್ಲಲಿಲ್ಲ. ಐರ್ಲೆಂಡಿನ ಒಂದು ಪಾರ್ಲಿಮೆಂಟ್ ಸ್ಥಾನವನ್ನು ನಮ್ಮ ದಾದಾಭಾಯಿ ನವರೋಜಿಯವರಿಗೆ ಕೊಡೋಣ, ಭಾರತದ ದನಿ ಅಲ್ಲಿ ಕೇಳಲಿ ಎಂದು 1880ರ ದಶಕದಲ್ಲೇ ಪಾರ್ನೆಲ್‌ಗೆ ಸೂಚಿಸಿದ್ದ. ಅದು ಕೈಗೂಡಲಿಲ್ಲ. ನವರೋಜಿ 1892ರಲ್ಲಿ ಲಂಡನ್ನಿನಿಂದಲೇ ಗೆದ್ದರು. ಡೇವಿಟ್ ಸ್ವತಃ ಪಾರ್ಲಿಮೆಂಟ್ ಸದಸ್ಯನಾಗಿದ್ದಾಗ, 1899ರಲ್ಲಿ ಬ್ರಿಟನ್ ದಕ್ಷಿಣ ಆಫ್ರಿಕದ ಬೋಯರರ ಮೇಲೆ ಯುದ್ಧ ಹೂಡಿದ್ದಕ್ಕೆ ಪ್ರತಿಭಟಿಸಿ ಆ ಸ್ಥಾನವನ್ನೇ ಬಿಟ್ಟ. 1903ರಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೆವ್ ಪಟ್ಟಣದಲ್ಲಿ ಯಹೂದಿಗಳ ಕೊಲೆ ನಡೆದಾಗ ಖುದ್ದಾಗಿ ಹೋಗಿ ನೋಡಿ ಜಗತ್ತಿಗೆ ವರದಿ ಮಾಡಿದ. ಕೊನೆಯ ತನಕ ಬರವಣಿಗೆಯ ಕೂಲಿಯೇ ಅವನ ಆಧಾರ.

1906ರ ಮೇ 30ರಂದು, ಹಲ್ಲು ಕೀಳಿಸಿದ ಮೇಲೆ ರಕ್ತಕ್ಕೆ ನಂಜೇರಿ ಡಬ್ಲಿನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 60. ಸಾವಿರಾರು ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ಆಮೇಲೆ ಶವವನ್ನು ರೈಲಿನಲ್ಲಿ ಮೇಯೋ ಜಿಲ್ಲೆಗೆ ತಂದು ಸ್ಟ್ರೇಡ್‌ನ ಹಳೆಯ ಮಠದ ಅಂಗಳದಲ್ಲಿ ಹೂಳಿದರು. ಅವನಿಗೆ ನಾಮಕರಣವಾದ ಹಳೆಯ ಚರ್ಚಿನಲ್ಲಿ ಈಗ ಅವನ ಹೆಸರಿನ ವಸ್ತುಸಂಗ್ರಹಾಲಯ ಅದ. ಬಾಕಿಗಾಗಿ ಸುಟ್ಟ ಮನೆಯ ಊರೂ ಅದೇ. ಸುತ್ತಲಿನ ಹೊಲಗಳ ಖಾತೆ ಮಾತ್ರ ಇಂದು ಲಾರ್ಡುಗಳ ಹೆಸರಿನಲ್ಲಿಲ್ಲ, ಉಳುವವರ ಹೆಸರಿನಲ್ಲಿ ಅದಾವ.